ಅಂಜಲಿಗೆ ಎಷ್ಟು ಇಂಚಿನ ಕಣ್ಣು?

ಅಳಿಯಾ, ನೀನು ಹೊಸ ಬಲೆ ಕೊಳ್ಳುವ ವಿಷಯ ನಿನ್ನ ಅಮ್ಮ ಹೇಳಿದಳು. "ಈ ಸಲ ದೊಡ್ಡ ಅಂಜಲ್ ಮೀನಿಗೇ ಹೋತೆ, ಊರಲ್ಲಿ ಯಾರ ಹತ್ತಿರವೂ ಇಲ್ಲದಷ್ಟು ದೊಡ್ಡ ಕಣ್ಣಿನ ಬಲೆ ತರ್ತೆ" ಅಂತ ಹಟ ಹಿಡಿದಿದ್ದೀಯಂತೆ. ಹುಮ್ಮಸ್ಸು ಇರಲಿ, ಬೇಡ ಅನ್ನುವುದಿಲ್ಲ. ಆದರೆ ಅಂಗಡಿಯಲ್ಲಿ ದುಡ್ಡು ಎಣಿಸಿ ಕೊಡುವ ಮೊದಲು ನಾನು ಹೇಳುವುದನ್ನು ಸ್ವಲ್ಪ ಕಿವಿಗೆ ಹಾಕಿಕೋ. ಬಲೆ ಒಮ್ಮೆ ತಂದರೆ ವರ್ಷಗಟ್ಟಲೆ ಅದರೊಟ್ಟಿಗೇ ಏಗಬೇಕು.

ದೊಡ್ಡ ಮೀನಿಗೆ ದೊಡ್ಡ ಕಣ್ಣು ಅನ್ನುವುದು ಅರ್ಧ ಮಾತ್ರ ನಿಜ. ಬೀಡುಬಲೆಯಲ್ಲಿ, ಅಂದರೆ ಗಿಲ್‌ನೆಟ್ಟಿನಲ್ಲಿ, ಮೀನು ಬೀಳುವುದು ಹೇಗೆ ಅಂತ ನೆನಪು ಮಾಡಿಕೋ. ಮೀನು ಬಲೆ ಕಾಣದೆ ತಲೆ ತೂರಿಸುತ್ತದೆ. ತಲೆ ದಾಟುತ್ತದೆ, ಮೈಯ ದಪ್ಪ ಭಾಗ ದಾಟುವುದಿಲ್ಲ. ಮುಂದೆ ಹೋಗಲಾರದೆ ಹಿಂದೆ ಸರಿಯಹೋದರೆ ನೂಲು ಕಿವಿರಿನ ಮುಚ್ಚಳದ ಹಿಂದೆ ಕಚ್ಚಿ ಕೂರುತ್ತದೆ. ಕಣ್ಣು ಸಣ್ಣದಾದರೆ ದೊಡ್ಡ ಮೀನು ಮೂತಿ ತಾಗಿಸಿ ತಿರುಗಿ ಹೋಗುತ್ತದೆ. ಕಣ್ಣು ಅತಿ ದೊಡ್ಡದಾದರೆ ನೀನು ಹುಡುಕುವ ಮೀನೇ ಇಡೀ ಮೈ ತೂರಿಸಿ ಆಚೆ ಹೋಗುತ್ತದೆ. ಒಂದು ಕಣ್ಣು ಹಿಡಿಯುವುದು ಒಂದು ಅಳತೆಯ ಆಸುಪಾಸಿನ ಮೀನನ್ನು ಮಾತ್ರ. ಆ ಅಳತೆಗಿಂತ ಉದ್ದದಲ್ಲಿ ಐದರಲ್ಲಿ ಒಂದು ಪಾಲು ಹೆಚ್ಚೋ ಕಡಿಮೆಯೋ ಆದ ಮೀನು ಅದಕ್ಕೆ ಬೀಳುವುದು ಅಪರೂಪ ಅಂತ ಗಿಲ್‌ನೆಟ್ ಬಗ್ಗೆ ಅಭ್ಯಾಸ ಮಾಡಿದ ವಿಜ್ಞಾನಿಗಳೂ ಹೇಳುತ್ತಾರೆ. ನಮ್ಮ ಹಿರಿಯರು ಪುಸ್ತಕ ಓದದೆಯೇ ಇದನ್ನು ತಿಳಿದಿದ್ದರು. ಅದಕ್ಕೇ ಒಂದೊಂದು ಮೀನಿಗೆ ಒಂದೊಂದು ಬಲೆ ಇಟ್ಟುಕೊಂಡಿದ್ದರು.

ಹಾಗಾಗಿ ಮೊದಲು ಅಂಗಡಿಗೆ ಹೋಗಬೇಡ, ಬಂದರಿಗೆ ಹೋಗು. ಬೆಳಿಗ್ಗೆ ಗಂಗೊಳ್ಳಿಯಲ್ಲಿ ಏಲಂ ಆಗುವ ಹೊತ್ತಿಗೆ ಜೇಬಿನಲ್ಲಿ ಒಂದು ತುಂಡು ಹತ್ತಿ ದಾರ ಇಟ್ಟುಕೊಂಡು ನಿಲ್ಲು. ಎಳೆದರೆ ಹಿಗ್ಗುವ ದಾರ ಬೇಡ. ನಿನಗೆ ಬೇಕಾದ ಗಾತ್ರದ ಅಂಜಲ್ ಕಂಡರೆ ವ್ಯಾಪಾರಿಯನ್ನು ಕೇಳಿ ಎರಡು ಸುತ್ತು ಅಳೆ. ಒಂದು ಕಿವಿರಿನ ಮುಚ್ಚಳ ಮುಗಿಯುವಲ್ಲಿ, ಇನ್ನೊಂದು ಬೆನ್ನಿನ ರೆಕ್ಕೆಯ ಹತ್ತಿರ, ಮೈ ಎಲ್ಲಿ ಹೆಚ್ಚು ದಪ್ಪವೋ ಅಲ್ಲಿ. ಮೊದಲನೆಯದು 25 ಸೆಂಟಿಮೀಟರ್, ಎರಡನೆಯದು 30 ಬಂತು ಅಂತ ಇಟ್ಟುಕೋ. ನಿನ್ನ ಕಣ್ಣಿನ ಸುತ್ತಳತೆ ಇವೆರಡರ ನಡುವೆ, ಮೊದಲನೆಯದರ ಕಡೆಗೆ ವಾಲಿದಂತೆ ಇರಬೇಕು. 26 ಅಂತ ಹಿಡಿ. ಕಣ್ಣನ್ನು ಎಳೆದು ಹಿಡಿದಾಗಿನ ಉದ್ದ ಅದರ ಅರ್ಧ, ಅಂದರೆ 13 ಸೆಂಟಿಮೀಟರ್, ಐದು ಇಂಚಿಗೆ ಕೂದಲೆಳೆ ಹೆಚ್ಚು. ನಿನಗೆ ಬೇಕಾದ ಬಲೆ ಅದು. ಒಂದೇ ಮೀನು ಅಳೆದು ಮನೆಗೆ ಬರಬೇಡ. ಮೊಟ್ಟೆ ತುಂಬಿದ್ದು, ಹೊಟ್ಟೆ ತುಂಬಾ ಬೈಗೆ ಮೀನು ತಿಂದದ್ದು, ಹಸಿದು ಬಡಕಲಾದದ್ದು, ಮೂರೂ ಬೇರೆ ಬೇರೆ ಸುತ್ತಳತೆ ಕೊಡುತ್ತವೆ.

ಇಲ್ಲಿ ಇನ್ನೊಂದು ಸಂಗತಿ ಗಮನಿಸು. ನಾವು ಅಂಜಲ್ ಅಂತ ಒಟ್ಟಿಗೇ ಕರೆಯುವುದರಲ್ಲಿ ಮೈಮೇಲೆ ಅಡ್ಡಪಟ್ಟೆ ಇರುವುದೊಂದು, ಚುಕ್ಕೆ ಇರುವುದೊಂದು. ಚುಕ್ಕೆಯದು ಅಷ್ಟು ಬೆಳೆಯುವುದಿಲ್ಲ, ಅದಕ್ಕೆ ನಾಲ್ಕು ಇಂಚಿನ ಸುಮಾರು ಸಾಕು. ಪಟ್ಟೆಯದಕ್ಕೆ ಐದರಿಂದ ಆರು. ಏಳು ಇಂಚು ತಂದರೆ ಹತ್ತಾರು ಕಿಲೋದ ಒಂದು ಮೀನು ಬಿದ್ದ ದಿನ ಊರೆಲ್ಲ ಮಾತಾಡುತ್ತದೆ, ಉಳಿದ ದಿನ ಡೀಸೆಲ್ ಲೆಕ್ಕ ನೀನೊಬ್ಬನೇ ಮಾಡುತ್ತಿರುತ್ತೀ. ಹಾಗಂತ ತೀರ ಕೆಳಗೂ ಇಳಿಯಬೇಡ. ಪಟ್ಟೆ ಅಂಜಲ್ ಮೊದಲ ಸಲ ಮೊಟ್ಟೆಗೆ ಬರುವುದು ಸುಮಾರು 70 ಸೆಂಟಿಮೀಟರ್ ಆದ ಮೇಲೆ, ಎರಡೂವರೆ ಮೂರು ಕಿಲೋ ತೂಗುವಾಗ. ಮೊಳ ಉದ್ದದ ಮರಿ ಅಂಜಲ್ ತಂದು ಏಲಂಗೆ ಸುರಿದರೆ ಸಿಗುವ ದರ ನಿನಗೇ ಗೊತ್ತು. ಕೇರಳದವರು 2015ರಿಂದ ಇಂಥಿಂಥ ಮೀನು ಇಷ್ಟು ಉದ್ದಕ್ಕಿಂತ ಕಡಿಮೆ ಇದ್ದರೆ ಹಿಡಿಯಬಾರದು ಅಂತ ಕಾನೂನು ಮಾಡಿ ದಂಡ ಹಾಕುತ್ತಿದ್ದಾರೆ. ಬೀಡುಬಲೆಯವನಿಗೆ ಆ ಕಾನೂನು ಕಣ್ಣಿನಲ್ಲೇ ಇದೆ.

ಅಂಗಡಿಯಲ್ಲಿ ಎಡವುವುದು ಅಳತೆ ಹೇಳುವ ರೀತಿಯಲ್ಲಿ. ಕೆಲವರು ಗಂಟಿನಿಂದ ಪಕ್ಕದ ಗಂಟಿಗೆ ಲೆಕ್ಕ ಹೇಳುತ್ತಾರೆ, ಕೆಲವರು ಕಣ್ಣು ಎಳೆದು ಹಿಡಿದ ಲೆಕ್ಕ. ಮೊದಲನೆಯವನ ಎರಡೂವರೆ ಇಂಚು ಎರಡನೆಯವನಿಗೆ ಐದು ಇಂಚು. ಬಾಯಿಮಾತು ನಂಬಬೇಡ. ಬಲೆಯ ಒಂದು ಕಣ್ಣನ್ನು ಮೊಳೆಗೆ ಸಿಕ್ಕಿಸು, ಅದರಿಂದ ಸಾಲಾಗಿ ಹತ್ತು ಕಣ್ಣು ಎಣಿಸಿ ನೇರ ಎಳೆದು ಹಿಡಿ, ಟೇಪಿನಿಂದ ಅಳೆದು ಹತ್ತರಿಂದ ಭಾಗಿಸು. ಸಾಧ್ಯವಾದರೆ ಆ ತುಂಡನ್ನು ನೀರಲ್ಲಿ ಅದ್ದಿ ಅಳೆ. ನೈಲಾನ್ ಒದ್ದೆಯಾದರೆ ಅಳತೆ ತುಸು ಬದಲಾಗುತ್ತದೆ, ಹೊಸ ಗಂಟುಗಳೂ ಬಿಗಿದುಕೊಳ್ಳುತ್ತವೆ. ಅಂಗಡಿಯವ ಮುಖ ಗಂಟಿಕ್ಕಿದರೆ ಗಂಟಿಕ್ಕಲಿ.

ನೂಲಿನ ಮೇಲೆ 210/2/3, 210/4/3 ಅಂತೆಲ್ಲ ಬರೆದಿರುತ್ತದಲ್ಲ, ಅದು ಮಂತ್ರವಲ್ಲ. 210 ಅಂದರೆ ಒಂದು ಎಳೆಯ ಡೆನಿಯರ್, 9000 ಮೀಟರ್ ಎಳೆ ತೂಗುವ ಗ್ರಾಂ. ಮುಂದಿನ ಎರಡು ಅಂಕಿ ಗುಣಿಸಿದರೆ ಎಳೆಗಳ ಸಂಖ್ಯೆ. ಮೊದಲನೆಯದರಲ್ಲಿ ಆರು ಎಳೆ, ಎರಡನೆಯದರಲ್ಲಿ ಹನ್ನೆರಡು. ಕಣ್ಣು ದೊಡ್ಡದಾದಂತೆ ನೂಲೂ ದಪ್ಪವಾಗಬೇಕು, ಇಲ್ಲದಿದ್ದರೆ ಅಂಜಲಿನ ಹಲ್ಲಿಗೆ ಬಲೆ ಚಿಂದಿಯಾಗುತ್ತದೆ. ಆದರೆ ಬಾಳಿಕೆ ಬರಲಿ ಅಂತ ಹಗ್ಗದ ಹಾಗಿರುವ ನೂಲು ತಂದರೆ ಮೀನಿಗೆ ದೂರದಿಂದಲೇ ಗೊತ್ತಾಗುತ್ತದೆ, ಹುಣ್ಣಿಮೆಯ ಆಸುಪಾಸಿನಲ್ಲಂತೂ ಕೇಳುವುದೇ ಬೇಡ. ಒಂದೇ ಎಳೆಯ ಮೋನೋಫಿಲಮೆಂಟ್ ನೀರಿನಲ್ಲಿ ಕಾಣುವುದು ಕಡಿಮೆ, ಹಿಡಿಯುವುದು ಹೆಚ್ಚು, ನಿಜ. ಹರಿದರೆ ಹೆಣೆಯುವ ಕೆಲಸ ಕಷ್ಟ, ಅದಕ್ಕೇ ಜನ ಅದನ್ನು ಸಮುದ್ರಕ್ಕೇ ಬಿಟ್ಟು ಬರುತ್ತಾರೆ. ಅದು ಕೊಳೆಯದೆ ಅಲ್ಲೇ ಮೀನು ಕೊಲ್ಲುತ್ತಾ ಇರುತ್ತದೆ. ನನ್ನ ದೋಣಿಯಾಗಿದ್ದರೆ ಹತ್ತಿಸುತ್ತಿರಲಿಲ್ಲ.

ಕಣ್ಣು ಸರಿ ಆರಿಸಿದರೂ ಕೆಡಿಸುವುದು ಹಗ್ಗಕ್ಕೆ ಕಟ್ಟುವಾಗ. ಸಾವಿರ ಮೀಟರ್ ಬಲೆಯನ್ನು ಐನೂರು ಮೀಟರ್ ಹಗ್ಗಕ್ಕೆ ಕಟ್ಟಿದರೆ ಬಲೆ ಸಡಿಲವಾಗಿ ಜೋಲುತ್ತದೆ, ಕಣ್ಣು ಉದ್ದಕ್ಕೆ ಸೀಳಿದ ಹಾಗೆ ನಿಲ್ಲುತ್ತದೆ. ಏಳುನೂರು ಮೀಟರಿಗೆ ಕಟ್ಟಿದರೆ ಹೆಚ್ಚುಕಮ್ಮಿ ಚೌಕ. ಅಂಜಲ್ ಉರುಟು ಮೈಯ ಮೀನು, ಅದಕ್ಕೆ ಐನೂರರಿಂದ ಆರುನೂರರ ಒಳಗೆ ಸರಿ. ಹೆಚ್ಚು ಸಡಿಲ ಬಿಟ್ಟರೆ ತೊರಕೆ, ಏಡಿ, ಕಸ ಎಲ್ಲ ಸುತ್ತಿಕೊಂಡು ಬಿಡಿಸುವುದರಲ್ಲೇ ಬೆಳಗಾಗುತ್ತದೆ. ತೊರಕೆಗೆ ನಮ್ಮ ಕಣ್ಣಿನ ಲೆಕ್ಕವೇ ಇಲ್ಲ, ಬಾಲದ ಮುಳ್ಳು ಸಿಕ್ಕಿದಲ್ಲಿ ಸುತ್ತಿಕೊಳ್ಳುವುದೇ ಅದರ ಕಸುಬು. ಹಾಗೆಯೇ ಅಂಜಲಿನ ಬಲೆಯನ್ನು ಪಾಂಪ್ಲೆಟಿಗೂ ಹಾಕಿದರಾಯಿತು ಅನ್ನಬೇಡ. ಅದು ಅಗಲ ಮೈ, ಚಪ್ಪಟೆ. ಅದೇ ಉದ್ದದ ಅಂಜಲಿಗಿಂತ ಸುತ್ತಳತೆ ಎಷ್ಟೋ ಹೆಚ್ಚು. ದಾರ ಹಿಡಿದು ಮತ್ತೆ ಅಳೆಯಬೇಕು.

ನಿನ್ನ ದೊಡ್ಡಪ್ಪನ ಮಗ ಕೆನಡಾದಿಂದ ಫೋನ್ ಮಾಡಿದಾಗಲೂ ಇದೇ ಸುದ್ದಿ. ಅಲ್ಲಿ ಚಳಿಗಾಲಕ್ಕೆ ಕೆರೆ ಗಟ್ಟಿಯಾಗಿ, ಮಂಜುಗಡ್ಡೆಯ ಮೇಲೆ ನಡೆದು ಹೋಗಿ ಬೈರಿಗೆಯಂಥ ಯಂತ್ರದಲ್ಲಿ ತೂತು ಕೊರೆದು ಗಾಳ ಇಳಿಸುತ್ತಾರಂತೆ. ಸಣ್ಣ ಮೀನಿಗೆ 6 ಇಂಚಿನ ತೂತು, ಸಾಮಾನ್ಯಕ್ಕೆ 8, ದೊಡ್ಡದಕ್ಕೆ 10. ಹತ್ತೇ ತಗೊಂಡರಾಯಿತಲ್ಲ ಅಂದೆ. ಎಂಟಕ್ಕಿಂತ ಹತ್ತಕ್ಕೆ ಒಂದೂವರೆ ಪಟ್ಟು ಹೆಚ್ಚು ಮಂಜುಗಡ್ಡೆ ಕೊರೆಯಬೇಕು, ಯಂತ್ರವೂ ಭಾರ, ಮಕ್ಕಳ ಕಾಲು ಸಿಕ್ಕುವ ಭಯ ಬೇರೆ ಅಂದ. ಅವನಿಗೆ ತೂತಿನಿಂದ ಮೀನಿನ ತಲೆ ಮೇಲೆ ಬರಬೇಕು, ನಮಗೆ ಕಣ್ಣಿನಲ್ಲಿ ಮೈ ನಿಲ್ಲಬೇಕು. ಲೆಕ್ಕ ಉಲ್ಟಾ, ಆದರೆ ಅವನೂ ಶುರುಮಾಡುವುದು ಮೀನಿನ ದಪ್ಪದಿಂದಲೇ.

ಗಾಳದ ಮಾತು ಬಂತಲ್ಲ, ಕೋಡಿಯ ಕಲ್ಲಿನ ಮೇಲೆ ಕೂತು ಸಂಜೆ ಗಾಳ ಹಾಕುವ ಚಾಳಿ ನಿನಗಿದೆ. ಗಾಳದ ನಂಬರು ತಲೆಕೆಳಗು. 8ಕ್ಕಿಂತ 4 ದೊಡ್ಡದು, 4ಕ್ಕಿಂತ 1 ದೊಡ್ಡದು. ಅಲ್ಲಿಂದ ಆಚೆ 1/0, 2/0 ಅಂತ ಹೋದಂತೆ ಇನ್ನೂ ದೊಡ್ಡದಾಗುತ್ತದೆ. ಕಾಣೆ ಮೀನಿನ ಬಾಯಿ ಚಿಕ್ಕದು, ಅದಕ್ಕೆ ಸಣ್ಣ ಗಾಳವೇ ಸೈ. ಪಂಚಗಂಗಾವಳಿಯ ಅಳಿವೆಯಲ್ಲಿ ಕೆಂಬೇರಿಗೆ ಕೂತರೆ 4/0ರ ಮೇಲಿನದು ಹಾಕು, ಜೀವ ಇರುವ ಚಟ್ಲಿ, ಅಂದರೆ ಸಿಗಡಿ, ಕಟ್ಟು. ಗಾಳಕ್ಕೆ ಅಂಜಲ್ ಬೀಳಲಿ ಅನ್ನುವ ಆಸೆ ಇದ್ದರೆ ಗಾಳದ ಹತ್ತಿರ ಗೇಣುದ್ದ ಸ್ಟೀಲ್ ತಂತಿ ಇರಲೇಬೇಕು. ಇಷ್ಟು ಸಾಕು, ಗಾಳದಲ್ಲಿ ನನಗಿಂತ ಕೋಡಿಯ ಹುಡುಗರೇ ಹುಷಾರು.

ಬಲೆಯ ಉದ್ದದ ಬಗ್ಗೆಯೂ ನಿನ್ನ ಲೆಕ್ಕ ಜಾಸ್ತಿಯೇ ಇದೆ ಅಂತ ಕೇಳಿದೆ. ಮಹಾಸಾಗರಗಳಲ್ಲಿ ಹತ್ತಾರು ಮೈಲಿ ಉದ್ದದ ತೇಲುಬಲೆ ಬಿಡುವವರನ್ನು ನಿಲ್ಲಿಸಲು ವಿಶ್ವಸಂಸ್ಥೆಯೇ 1991ರಲ್ಲಿ ನಿರ್ಣಯ ಮಾಡಬೇಕಾಯಿತು. ನಿನ್ನ ನಾಡದೋಣಿಗೆ ಆ ಭಯ ಇಲ್ಲ ಬಿಡು. ಆದರೆ ನೀವು ಮೂರು ಜನ ರಾತ್ರಿ ಎಳೆಯಲಾರದಷ್ಟು ಬಲೆ ದೋಣಿಯಲ್ಲಿ ಇರಬಾರದು. ಮರವಂತೆಯಿಂದ ಉಪ್ಪುಂದದ ತನಕ ಟ್ರಾಲ್ ಬೋಟುಗಳು ಓಡಾಡುವ ದಾರಿಯಲ್ಲಿ ಉದ್ದ ಬಲೆ ಬಿಟ್ಟರೆ ಬೆಳಿಗ್ಗೆ ಎರಡು ತುಂಡು ಸಿಗುತ್ತದೆ. ಎರಡೂ ತುದಿಗೆ ದೀಪ ಕಟ್ಟು, ನಡುವೆ ಬಾವುಟದ ಬೆಂಡು ಬಿಡು.

ಒಂದೇ ಅಳತೆಯ ಬಲೆಗೆ ಎಲ್ಲ ದುಡ್ಡು ಸುರಿಯುವುದಕ್ಕಿಂತ, ಮುಕ್ಕಾಲು ಭಾಗ ಐದು ಇಂಚಿನದು ತಗೋ, ಕಾಲು ಭಾಗ ಆರರದ್ದು. ಎರಡನ್ನೂ ಒಂದೇ ಸಾಲಿಗೆ ಜೋಡಿಸು. ಯಾವ ತುಂಡಿಗೆ ಎಷ್ಟು ಬಿತ್ತು, ಎಷ್ಟು ತೂಗಿತು ಅಂತ ಒಂದು ಋತು ಬರೆದಿಡು. ಮುಂದಿನ ಸಲ ಯಾವುದನ್ನು ಹೆಚ್ಚಿಸಬೇಕು ಅಂತ ಆ ಪುಸ್ತಕವೇ ಹೇಳುತ್ತದೆ, ನನ್ನನ್ನು ಕೇಳಬೇಕಾಗಿಲ್ಲ. ಹಂಗಾರಕಟ್ಟೆ ಕಡೆಯ ಬಲೆಯವರ ಹತ್ತಿರವೂ ವಿಚಾರಿಸು. ಅಲ್ಲಿ ಸೀತೆ, ಸ್ವರ್ಣೆ ಸಮುದ್ರ ಸೇರುವ ಜಾಗದ ಮೀನು, ನಮ್ಮಲ್ಲಿಯ ಲೆಕ್ಕ ಅಲ್ಲಿಗೆ ಪೂರಾ ಕೂರುವುದಿಲ್ಲ.

ಬಲೆ ಕಟ್ಟುವುದು ಆಸಾಡಿ ಮಳೆಯಲ್ಲೇ ಮುಗಿಸಿಕೋ. ಜೂನ್ 1ರಿಂದ ಜುಲೈ 31ರ ತನಕ ನಿಷೇಧ ಇರುವುದರಿಂದ ದೊಡ್ಡ ಬೋಟುಗಳು ದಡದಲ್ಲಿರುತ್ತವೆ, ಬೆಂಡು, ಸೀಸ, ಹಗ್ಗ ಹೊಂದಿಸಿಕೊಳ್ಳಲು ಸಮಯ ಸಿಗುತ್ತದೆ. ಹೆಣೆಯುವುದಕ್ಕೆ ನಿನ್ನ ಅತ್ತೆಯನ್ನು ಕೇಳು, ಅವಳ ಕೈ ನನ್ನದಕ್ಕಿಂತ ಚುರುಕು. ಹರಿದ ಕಣ್ಣನ್ನು ಅಂದಾಜಿನಲ್ಲಿ ಹೆಣೆದರೆ ಐದು ಇಂಚಿನ ಬಲೆಯಲ್ಲಿ ನಾಲ್ಕರದ್ದೂ ಆರರದ್ದೂ ಹುಟ್ಟುತ್ತದೆ, ಅದಕ್ಕೆ ಅಳತೆಯ ಪಟ್ಟಿ ಇಟ್ಟುಕೊಂಡೇ ಅವಳು ಸೂಜಿ ಹಿಡಿಯುವುದು. ಐದರದ್ದಕ್ಕೆ ಎರಡೂವರೆ ಇಂಚು ಅಗಲದ ಬಿದಿರಿನ ಪಟ್ಟಿಯೊಂದು ಕೆತ್ತಿಸಿಕೊಂಡು ಬಾ.