ಮಣ್ಣಿನ ಅಚ್ಚು

ಮಕ್ಕಳೇ, ತಾಳವಾಡಿ ಬೆಟ್ಟದ ಹಳ್ಳಿಗಳಲ್ಲಿ ಬಿದಿರಿನ ತಡಿಕೆಗೆ ಮಣ್ಣು ಮೆತ್ತಿದ ಗೋಡೆಯನ್ನು ನೀವು ನೋಡಿರಬಹುದು. ಆ ತಡಿಕೆ ಗೋಡೆಯೊಳಗೇ ಉಳಿಯುತ್ತದೆ. ಆದರೆ ಕಾಂಕ್ರೀಟಿಗೆ ಹಲಗೆಯ ಅಚ್ಚು ಕಟ್ಟಿ, ಗಟ್ಟಿಯಾದ ಮೇಲೆ ಕಳಚಬೇಕು. ಹಲಗೆ ಹಾಳಾದರೆ ಮತ್ತೆ ಮರ ಕಡಿಯಬೇಕು.

ವಿಳುಪ್ಪುರಂ ಜಿಲ್ಲೆಯ ಆರೋವಿಲ್ಲಿನಲ್ಲಿ ಇದಕ್ಕೆ ಒಂದು ಉಪಾಯವಿದೆ. ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ದೋಣಿಯಂತೆ ನಡುವೆ ಹಳ್ಳವಿರುವ ಇಟ್ಟಿಗೆ ಮಾಡುತ್ತಾರೆ. ಅದನ್ನು ಸುಡುವುದಿಲ್ಲ. ಗೋಡೆಯ ಮೇಲೆ ಸಾಲಾಗಿ ಜೋಡಿಸಿ, ಒಳಗೆ ಕಬ್ಬಿಣದ ಸರಳಿಟ್ಟು ಕಾಂಕ್ರೀಟ್ ತುಂಬುತ್ತಾರೆ. ಈ ಪಟ್ಟಿ ನಾಲ್ಕೂ ಗೋಡೆಗಳನ್ನು ಬಿಗಿದು, ಭೂಕಂಪದಲ್ಲಿ ಮನೆ ಕುಸಿಯದಂತೆ ತಡೆಯಲು ನೆರವಾಗುತ್ತದೆ. ಅಚ್ಚನ್ನು ಕಳಚುವುದಿಲ್ಲ. ಅದೇ ಗೋಡೆಯ ಹೊರಮೈ! ಮರವೂ ಉಳಿಯಿತು, ಗಾರೆಯೂ ಉಳಿಯಿತು.

ನಿಮ್ಮ ಮನೆಯ ಗೋಡೆಯೊಳಗೆ ಏನೇನಿದೆ? ಹಿರಿಯರನ್ನು ಕೇಳಿ ಬರೆಯಿರಿ.