ಗುಹೆಯಲ್ಲಿರುವ ಹಣ್ಣುಬಾವಲಿ: ಎಲ್ಲೆಲ್ಲಿದೆ, ಏಕೆ ಅಲ್ಲೇ ಇದೆ

ಲೋಕಾಪುರದ ಹೊರಗೆ ನಮ್ಮ ದೊಡ್ಡಪ್ಪನ ಹೊಲದಲ್ಲಿ ಕಲ್ಲು ಕಟ್ಟಿದ ಹಳೆಯ ಬಾವಿ ಇದೆ. ಬೋರ್ ಹಾಕಿಸಿದ ಮೇಲೆ ಅದರ ನೀರನ್ನು ಯಾರೂ ಬಳಸುವುದಿಲ್ಲ. ಒಳಗೆ ಒಂದು ಬದಿಯ ಪೊಟರೆಯಲ್ಲಿ ಕಂದು ಬಣ್ಣದ ಬಾವಲಿಗಳು ಒತ್ತೊತ್ತಾಗಿ ಜೋತುಬಿದ್ದಿರುತ್ತವೆ. ಪಕ್ಕದ ಪೇರಲ ತೋಟದವರಿಗೆ ಇವುಗಳ ಮೇಲೆ ಸಿಟ್ಟು. ಬಾವಿಯಲ್ಲಿ ಹುಲ್ಲು ಸುಟ್ಟು ಹೊಗೆ ಹಾಕೋಣ ಎಂಬ ಮಾತು ನಡೆದಿದೆ. ನನ್ನದು ವಾಣಿಜ್ಯ ವಿಭಾಗ, ವಿಜ್ಞಾನ ಓದಿದ್ದು ಹತ್ತನೆಯ ತರಗತಿಯವರೆಗೆ ಮಾತ್ರ. ಆದರೂ ಹೊಗೆ ಹಾಕುವ ಮೊದಲು ಇವು ಯಾವ ಬಾವಲಿ, ಬಾವಿಯಲ್ಲೇ ಏಕಿವೆ ಎಂದು ತಿಳಿಯಬೇಕೆನಿಸಿತು.

ಕನ್ನಡದಲ್ಲಿ ಎಲ್ಲವೂ ಬಾವಲಿಯೇ. ನಮ್ಮ ಮನೆಯ ಉರ್ದುವಿನಲ್ಲಿಯೂ ಎಲ್ಲವೂ ಚಮಗಾದಡವೇ. ನಿಜವಾಗಿ ನಮ್ಮ ಬಯಲುಸೀಮೆಯಲ್ಲಿ ಹಣ್ಣು ತಿನ್ನುವ ಬಾವಲಿಗಳು ಮುಖ್ಯವಾಗಿ ಮೂರು. ಹಗಲಲ್ಲೇ ಆಲದ ಮರದಲ್ಲಿ ಬಹಿರಂಗವಾಗಿ ತೂಗಾಡುವುದು ದೊಡ್ಡ ಬಾವಲಿ. ಅದರ ರೆಕ್ಕೆ ಬಿಚ್ಚಿದರೆ ಒಂದು ಮೀಟರ್‌ಗಿಂತ ಹೆಚ್ಚು. ತಾಳೆಗರಿಯ ಕೆಳಗೆ ಕೆಲವೇ ಕೆಲವು ಕೂಡಿ ಇರುವುದು ಚಿಕ್ಕದು, ಅದರ ಕಿವಿಯ ಅಂಚು ಬಿಳಿ. ಮೂರನೆಯದು ಗುಹೆ, ಬಾವಿಗಳಲ್ಲಿ ಇರುವಂಥದ್ದು. ಇದರ ವೈಜ್ಞಾನಿಕ ಹೆಸರು ರೌಸೆಟಸ್ ಲೆಶನಾಲ್ಟಿ. ನಾಯಿಮರಿಯಂಥ ಮುಖ, ದೊಡ್ಡ ಕಣ್ಣು, ಗಿಡ್ಡ ಬಾಲ. ತೂಕ ನೂರು ಗ್ರಾಂ ಆಸುಪಾಸು. ಪುದುಚೇರಿಯಲ್ಲಿದ್ದ ಫ್ರೆಂಚ್ ಸಸ್ಯವಿಜ್ಞಾನಿ ಲೆಶನಾಲ್ಟ್ ಅವರ ಹೆಸರನ್ನು 1820ರಲ್ಲಿ ಇದಕ್ಕೆ ಇಟ್ಟರು.

ಉಳಿದ ಎರಡು ಮರದಲ್ಲಿರುವಾಗ ಇದೊಂದು ಕತ್ತಲೆಗೆ ಏಕೆ ಹೋಯಿತು? ಉತ್ತರ ನಾಲಗೆಯಲ್ಲಿದೆ. ವಿಜಯಪುರದ ಗೋಳಗುಮ್ಮಟದಲ್ಲಿ ಚಪ್ಪಾಳೆ ತಟ್ಟಿದರೆ ಸದ್ದು ಗೋಡೆಗೆ ಬಡಿದು ತಿರುಗಿ ಬರುವುದನ್ನು ನಮ್ಮಲ್ಲಿ ಬಹಳ ಜನ ಕೇಳಿದ್ದೇವೆ. ಹುಳ ತಿನ್ನುವ ಬಾವಲಿಗಳು ಗಂಟಲಿನಿಂದ ಸದ್ದು ಹೊರಡಿಸಿ, ಅದರ ಪ್ರತಿಧ್ವನಿಯಿಂದ ದಾರಿ ತಿಳಿಯುತ್ತವೆ. ಹಣ್ಣುಬಾವಲಿಗಳು ಹೆಚ್ಚಾಗಿ ಕಣ್ಣು ಮೂಗನ್ನೇ ನಂಬಿವೆ. ಆದರೆ ರೌಸೆಟಸ್ ಜಾತಿಯವು, ಟಾಂಗಾ ಹೊಡೆಯುವವರು ಕುದುರೆಗೆ ಮಾಡುವ ಸದ್ದಿನಂತೆ, ನಾಲಗೆಯಿಂದ ಟಕ್ ಟಕ್ ಎನ್ನಿಸಿ ಕತ್ತಲೆಯಲ್ಲಿಯೂ ಗೋಡೆಗೆ ಬಡಿಯದೆ ಹಾರುತ್ತವೆ. ಹಾಗಾಗಿ ಹದ್ದು, ಕಾಗೆ, ಬಿಸಿಲು ಯಾವುದೂ ಮುಟ್ಟದ ಜಾಗ ಇವಕ್ಕೆ ಸಿಕ್ಕಿತು.

ಈ ಬಾವಲಿ ಪಾಕಿಸ್ತಾನದಿಂದ ಭಾರತ, ನೇಪಾಳ, ಶ್ರೀಲಂಕಾ, ಮ್ಯಾನ್ಮಾರ್ ದಾಟಿ ದಕ್ಷಿಣ ಚೀನಾ, ವಿಯೆಟ್ನಾಂ, ಜಾವಾ, ಬಾಲಿಯವರೆಗೆ ಇದೆ. ನಕ್ಷೆಯಲ್ಲಿ ಇದು ದೊಡ್ಡ ಪ್ರದೇಶ. ಆದರೆ ನಕ್ಷೆಯ ತುಂಬ ಬಣ್ಣ ಬಳಿದರೆ ತಪ್ಪಾಗುತ್ತದೆ. ಹಣ್ಣು ಎಷ್ಟೇ ಇದ್ದರೂ ಕತ್ತಲೆ, ತಂಪು, ತೇವ ಇರುವ ಮಾಡು ಹತ್ತಿರದಲ್ಲಿ ಇಲ್ಲದಿದ್ದರೆ ಇದು ಅಲ್ಲಿರುವುದಿಲ್ಲ. ಗುಹೆ, ಪಾಳುಬಿದ್ದ ಕೋಟೆ, ಸುರಂಗ, ಬಳಸದ ಬಾವಿ: ಇವು ಚುಕ್ಕೆಗಳು, ನಡುವೆ ಎಲ್ಲ ಖಾಲಿ. ಬೇರೆ ಜಾತಿಗಳಲ್ಲಿ ಇದು ಇನ್ನೂ ವಿಪರೀತ. ನಮ್ಮ ನೆರೆಯ ಬೆಳಗಾವಿ ಜಿಲ್ಲೆಯ ಭೀಮಗಡ ಕಾಡಿನ ಬಾರಾಪೇಡೆ ಗುಹೆಗಳಲ್ಲಿ ರಾಟನ್ ಹೆಸರಿನ ಹುಳ ತಿನ್ನುವ ಬಾವಲಿ ಇದೆ. 1913ರಲ್ಲಿ ಅದನ್ನು ಗುರುತಿಸಿದ ಮೇಲೆ ಎಷ್ಟೋ ದಶಕ ಜಗತ್ತಿನಲ್ಲೇ ಅದೊಂದೇ ನೆಲೆ ಎಂದು ತಿಳಿದಿದ್ದರು. ಆಮೇಲೆ ಮೇಘಾಲಯ, ಕಾಂಬೋಡಿಯಾದಲ್ಲಿಯೂ ಸಿಕ್ಕಿತು.

ನಮ್ಮ ಸುತ್ತ ಸುಣ್ಣದ ಕಲ್ಲು. ಭೂವಿಜ್ಞಾನಿಗಳು ಇಲ್ಲಿಯ ಶಿಲಾಸ್ತರಕ್ಕೆ ಲೋಕಾಪುರದ ಹೆಸರನ್ನೇ ಇಟ್ಟಿದ್ದಾರೆ. ಆ ಕಲ್ಲು ಸಿಮೆಂಟಿಗೆ ಹೋಗುತ್ತಿದೆ, ಹಳೆಯ ಬಾವಿಗಳು ಮುಚ್ಚುತ್ತಿವೆ. ಹೊಸ ಬೋರ್‌ವೆಲ್ಲಿನಲ್ಲಿ ಬಾವಲಿ ಇರಲಾರದು.

ಪೇರಲ ತೋಟದವರ ದೂರು ಸುಳ್ಳಲ್ಲ. ಪೇರಲ, ಚಿಕ್ಕು, ಮಾವು, ದ್ರಾಕ್ಷಿಗೂ ಇವು ಬಾಯಿ ಹಾಕುತ್ತವೆ. ಆದರೆ ಖಾತೆಯಲ್ಲಿ ಖರ್ಚಿನ ಬದಿ ಮಾತ್ರ ಬರೆದರೆ ಲೆಕ್ಕ ಒಪ್ಪುವುದಿಲ್ಲ. ರಾತ್ರಿ ಅರಳುವ ಹೂಗಳಿಗೆ ಇವು ಪರಾಗ ಮುಟ್ಟಿಸುತ್ತವೆ. ಅತ್ತಿ, ಆಲದ ಬೀಜಗಳನ್ನು ಹಾರುತ್ತಾ ಉದುರಿಸುತ್ತವೆ. ಹಣ್ಣಿಗೆ ನೈಲಾನ್ ಬಲೆ ಹಾಕಬಹುದು, ಈ ಕೆಲಸಕ್ಕೆ ಕೂಲಿಯವರು ಸಿಗುವುದಿಲ್ಲ. 1972ರ ವನ್ಯಜೀವಿ ಕಾಯ್ದೆ ಹಣ್ಣುಬಾವಲಿಯನ್ನು ಇಲಿ, ಕಾಗೆಗಳ ಜೊತೆ ಉಪದ್ರವಿಗಳ ಪಟ್ಟಿಯಲ್ಲಿ ಇಟ್ಟಿತ್ತು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು.

ಇನ್ನು ನಿಪಾದ ಭಯ. 2018ರಲ್ಲಿ ಕೇರಳದಲ್ಲಿ ನಿಪಾ ಬಂದಾಗ ವೈರಸ್ ಸಿಕ್ಕಿದ್ದು ಮರದ ದೊಡ್ಡ ಬಾವಲಿಯಲ್ಲಿ. ಆದರೆ ನಮ್ಮ ಕೃಷ್ಣೆ ಹುಟ್ಟುವ ಮಹಾಬಳೇಶ್ವರದ ಗುಹೆಯೊಂದರಲ್ಲಿ 2020ರ ಮಾರ್ಚ್‌ನಲ್ಲಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು ಪರೀಕ್ಷಿಸಿದಾಗ, ಇದೇ ಗುಹೆಬಾವಲಿಗಳ ರಕ್ತದಲ್ಲಿ ನಿಪಾ ವಿರುದ್ಧದ ಪ್ರತಿಕಾಯಗಳು ಕಂಡವು. ಆದ್ದರಿಂದ ಬಾವಲಿ ಕಚ್ಚಿದ ಹಣ್ಣನ್ನು ತಿನ್ನಬಾರದು, ಬಾವಲಿಯನ್ನು ಕೈಯಿಂದ ಮುಟ್ಟಬಾರದು, ಅವು ಇರುವ ಬಾವಿಗೆ ಇಳಿಯಬಾರದು. ಹೊಗೆ ಹಾಕಿದರೆ ಆಗುವುದು ಇದರ ವಿರುದ್ಧ: ಒಂದೆಡೆ ಇದ್ದವು ಹತ್ತು ಕಡೆ ಚದುರುತ್ತವೆ, ಅರೆಜೀವದ ಮರಿಗಳು ಬಿದ್ದು ಹುಡುಗರ ಕೈಗೆ ಸಿಗುತ್ತವೆ.

ಮರಿಗಳ ವಿಷಯ ನಾನು ದೊಡ್ಡಪ್ಪನಿಗೆ ಹೇಳಿದೆ. ಇವು ವರ್ಷಕ್ಕೆ ಎರಡು ಸಲ, ಒಂದೊಂದೇ ಮರಿ ಹಾಕುತ್ತವೆ. ತಾಯಿ ಮೊದಮೊದಲು ಮರಿಯನ್ನು ಎದೆಗೆ ಕಚ್ಚಿಸಿಕೊಂಡೇ ಹಾರುತ್ತದೆ. ದೊಡ್ಡಪ್ಪ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ಪೇರಲದವರಿಗೆ ಬಲೆಯ ರೇಟು ಕೇಳಿಕೊಂಡು ಬಾ ಎಂದು ನನ್ನನ್ನೇ ಮುಧೋಳಕ್ಕೆ ಕಳಿಸಿದರು. ರೇಟು ತಂದಿದ್ದೇನೆ. ಬಾವಿಯ ಮಾತು ಇನ್ನೂ ಮುಗಿದಿಲ್ಲ.