ಮಲೇರಿಯಾ: ಒಂದು ಪರಾವಲಂಬಿ, ಎರಡು ಆಶ್ರಯಗಳು

ಅನ್ಯಜೀವಿಯ ದೇಹದಲ್ಲಿ ನೆಲೆಸಿ, ಅದರಿಂದಲೇ ಆಹಾರ ಪಡೆದು ಬದುಕುವ ಜೀವಿಗೆ ಪರಾವಲಂಬಿಯೆಂದು ಹೆಸರು. ಆಶ್ರಯವಿತ್ತ ಜೀವಿಯೇ ಆತಿಥೇಯ. ಚಳಿಜ್ವರವನ್ನುಂಟುಮಾಡುವ ಮಲೇರಿಯಾ ಪರಾವಲಂಬಿಗೆ ಇಂತಹ ಆತಿಥೇಯರು ಇಬ್ಬರು ಬೇಕು: ಮನುಷ್ಯ ಮತ್ತು ಅನಾಫಿಲಿಸ್ ಜಾತಿಯ ಹೆಣ್ಣು ಸೊಳ್ಳೆ.

1880ರಲ್ಲಿ ಫ್ರೆಂಚ್ ವೈದ್ಯ ಲಾವೆರಾನ್ ಅವರು ಅಲ್ಜೀರಿಯದಲ್ಲಿ ರೋಗಿಯ ರಕ್ತದೊಳಗೆ ಈ ಸೂಕ್ಷ್ಮಜೀವಿಯನ್ನು ಕಂಡರು. ಅದು ಒಬ್ಬರಿಂದ ಇನ್ನೊಬ್ಬರಿಗೆ ಸಾಗುವ ಬಗೆ ಮಾತ್ರ ಒಗಟಾಗಿಯೇ ಉಳಿಯಿತು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅವರು, ರೋಗಿಯ ರಕ್ತ ಹೀರಿದ್ದ ಸೊಳ್ಳೆಯ ಜಠರದ ಗೋಡೆಯಲ್ಲಿ ಅದರ ಬೆಳವಣಿಗೆಯನ್ನು ಗುರುತಿಸಿದರು. ಮರುವರ್ಷ ಕಲಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾವನ್ನು ಅಭ್ಯಸಿಸಿ, ಅದು ಸೊಳ್ಳೆಯ ಲಾಲಾಗ್ರಂಥಿಯನ್ನು ಸೇರಿ ಕಡಿತದ ಮೂಲಕ ಹರಡುವುದನ್ನು ತೋರಿಸಿದರು. 1902ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಲಭಿಸಿತು.

ದೇಹವನ್ನು ಹೊಕ್ಕ ಪರಾವಲಂಬಿಯು ರಕ್ತಕ್ಕಿಳಿಯುವ ಮುನ್ನ ಯಕೃತ್ತಿನಲ್ಲಿ ಬೆಳೆಯುವುದೆಂಬುದನ್ನು 1948ರಲ್ಲಿ ಶಾರ್ಟ್ ಮತ್ತು ಗಾರ್ನ್‌ಹ್ಯಾಮ್ ಎಂಬ ಸಂಶೋಧಕರು ಸಿದ್ಧಪಡಿಸಿದರು. ವೈವಾಕ್ಸ್ ಎಂಬ ಪ್ರಭೇದದ ಕೆಲವು ಜೀವಿಗಳು ಅಲ್ಲಿಯೇ ತಿಂಗಳುಗಟ್ಟಲೆ ಸುಪ್ತವಾಗಿದ್ದು, ಮತ್ತೆ ಜ್ವರ ತರುತ್ತವೆ. ಆದ್ದರಿಂದ ಜ್ವರ ಬಿಟ್ಟೊಡನೆ ಗುಳಿಗೆ ನಿಲ್ಲಿಸುವುದು ಅಪಾಯಕರ. ರಕ್ತಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದಷ್ಟು ದಿನವೂ ಔಷಧ ಸೇವಿಸಬೇಕು.

ನಗರಗಳಲ್ಲಿ ಈ ರೋಗವನ್ನು ಹರಡುವ ಸ್ಟೀಫೆನ್ಸಿ ಸೊಳ್ಳೆಯು ಬಾವಿಗಳಲ್ಲಿಯೂ ಮಾಳಿಗೆಯ ಮೇಲಿನ ನೀರಿನ ಟಾಕಿಗಳಲ್ಲಿಯೂ ಮೊಟ್ಟೆಯಿಡುತ್ತದೆ. ಟಾಕಿಗೆ ಬಿಗಿಯಾದ ಮುಚ್ಚಳವಿರಲಿ. ಪೀಪಾಯಿ, ಬಕೆಟ್ಟುಗಳನ್ನು ವಾರಕ್ಕೊಮ್ಮೆ ಬರಿದುಮಾಡಿ ಒಣಗಿಸಬೇಕು. ತೆರೆದ ಒಂದು ಟಾಕಿಯಿಂದ ಇಡೀ ಕಟ್ಟಡದ ನಿವಾಸಿಗಳೇ ಜ್ವರಕ್ಕೆ ತುತ್ತಾಗಬಹುದು.